ಮರಳುಗಾಡಿನ ಮೋಟಾರು: ಕ್ಷೇತ್ರಸಂಶೋಧನೆಯ ಉಪಕರಣವಾಗಿ ವಾಹನ

ಕ್ಷೇತ್ರಕಾರ್ಯಕ್ಕಾಗಿ ವಾಹನವೊಂದನ್ನು ಕೊಳ್ಳಹೊರಟ ವಿಭಾಗವು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆಯೆಂದರೆ, ಅದರ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ದೊರೆಯುವುದೇ ಎಂಬುದು. ಪ್ರಶ್ನೆ ಅಸಂಗತವಲ್ಲ, ಆದರೆ ಅದಕ್ಕೆ ಅಗ್ರಸ್ಥಾನ ಸಲ್ಲಬೇಕೆಂದು ನಮಗೆ ತೋರುವುದಿಲ್ಲ. ರಸ್ತೆಯಿಲ್ಲದ ನೆಲದ ಮೋಟಾರು ಪ್ರಯಾಣವನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಪ್ರಮುಖನಾದ ರಾಲ್ಫ್ ಬ್ಯಾಗ್ನಾಲ್ಡನು 1929, 1930 ಮತ್ತು 1932ರಲ್ಲಿ ಲಿಬಿಯಾ ಮರುಭೂಮಿಯನ್ನು ಹೊಕ್ಕದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲವಿದ್ದ ಸಾಧಾರಣ ಫೋರ್ಡ್ ಕಾರುಗಳಲ್ಲಿ. ಒಂಟೆಗಳೂ ದಾಟಲಂಜುವ ಮರಳದಿಣ್ಣೆಗಳನ್ನು ಆ ಕಾರುಗಳು ಏರಿ ಇಳಿದದ್ದು ಹೇಗೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ಮೊದಲನೆಯದು ನೆಲದ ಮೇಲಣ ಒತ್ತಡದ ವಿಚಾರ. ಗಾಳಿ ತುಂಬಿದ ಟೈರು ನೆಲವನ್ನು ಒತ್ತುವ ಒತ್ತಡವು, ಸರಿಸುಮಾರಾಗಿ, ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮನಾಗಿರುತ್ತದೆ. 1600 ಕಿಲೋಗ್ರಾಂ ಭಾರದ ವಾಹನದಲ್ಲಿ ಪ್ರತಿ ಚಕ್ರಕ್ಕೆ 400 ಕಿಲೋಗ್ರಾಂ ಬೀಳುವುದೆಂದು ಇಟ್ಟುಕೊಳ್ಳೋಣ. ಟೈರಿನಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಒತ್ತಡವಿದ್ದರೆ ಅದು ನೆಲಕ್ಕೆ ತಗಲುವ ಭಾಗ 200 ಚದರ ಸೆಂಟಿಮೀಟರು. ಒತ್ತಡವನ್ನು ಅರ್ಧಕ್ಕಿಳಿಸಿದರೆ 400. ತಲಕಾಡಿನ ಮರಳಿನಲ್ಲಿ ನಡೆದವರಿಗೆ ಅಗಲವಾದ ಪಾದದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಗಾಳಿಯಿಳಿಸಿದ ಟೈರನ್ನು ಕಲ್ಲುನೆಲದ ಮೇಲೆ ವೇಗವಾಗಿ ಓಡಿಸಿದರೆ ಅದರ ಪಕ್ಕೆಗಳು ಬಾಗಿ ಬಾಗಿ ಕಾದು ಹರಿಯುತ್ತವೆ. ಆದುದರಿಂದ ಮರಳು ಮುಗಿದೊಡನೆ ಮತ್ತೆ ಗಾಳಿ ತುಂಬಲೇಬೇಕು. ಒಳ್ಳೆಯ ಪಂಪು, ಒತ್ತಡಮಾಪಕ ಇವೆರಡಿಲ್ಲದ ವಾಹನವನ್ನು ಸಜ್ಜಾದ ವಾಹನವೆನ್ನಲಾಗದು.

ಎರಡನೆಯದು, ಹೆಚ್ಚು ಗಂಭೀರವಾದದ್ದು, ನೀರು. ಹಿಂದಿನಿಂದ ಗಾಳಿ ಬೀಸುತ್ತಿರುವಾಗ ಸಡಿಲ ಮರಳಿನಲ್ಲಿ ಮೆಲ್ಲನೆ ಸಾಗುವ ಎಂಜಿನು ಬೇಗ ಕುದಿಯುತ್ತದೆ. ರೇಡಿಯೇಟರಿನ ನೀರು ಆವಿಯಾಗಿ ಹೊರಹೋಗುತ್ತದೆ. ಅದನ್ನು ತುಂಬಲು ಪ್ರಯಾಣಿಕರ ಕುಡಿಯುವ ನೀರಿಗೇ ಕೈಯಿಡಬೇಕಾಗುತ್ತದೆ. ನಡೆದು ಹಿಂದಿರುಗಲಾಗದ ದೂರದಲ್ಲಿ ಮನುಷ್ಯನೂ ಯಂತ್ರವೂ ಒಂದೇ ಪೀಪಾಯಿಗೆ ಸ್ಪರ್ಧಿಗಳಾದರೆ ಪರಿಣಾಮವೇನೆಂಬುದು ಸ್ಪಷ್ಟ. ಬ್ಯಾಗ್ನಾಲ್ಡನು ಬಳಸಿದ ಉಪಾಯ ಬಹು ಸರಳ. ರೇಡಿಯೇಟರಿನಿಂದ ಆವಿ ತಪ್ಪಿಸಿಕೊಳ್ಳುವ ಹಾದಿಗಳನ್ನು ಮುಚ್ಚಿ, ಅದನ್ನು ಒಂದೇ ನಳಿಗೆಯ ಮೂಲಕ, ಕಾರಿನ ಪಕ್ಕಕ್ಕೆ ಬಿಗಿದ ಡಬ್ಬಿಯೊಂದರಲ್ಲಿನ ನೀರಿನೊಳಕ್ಕೆ ಹಾಯಿಸಿದನು. ಆವಿಯು ಒಂದೊಂದು ಗ್ರಾಮಿಗೆ ಸುಮಾರು 540 ಕ್ಯಾಲೊರಿಗಳಂತೆ ತನ್ನ ಗುಪ್ತೋಷ್ಣವನ್ನು ಆ ನೀರಿಗೆ ಬಿಟ್ಟುಕೊಟ್ಟು ತಾನೂ ನೀರಾಗುತ್ತದೆ. ಡಬ್ಬಿಯ ನೀರೂ ಕುದಿಯತೊಡಗಿದರೆ ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸುವುದು. ರೇಡಿಯೇಟರು ತಣಿದಂತೆ ಒಳಗೆ ನಿರ್ವಾತವುಂಟಾಗಿ, ಡಬ್ಬಿಯಲ್ಲಿದ್ದ ನೀರು ತಾನಾಗಿಯೇ ಹಿಂದಕ್ಕೆ ಸೆಳೆಯಲ್ಪಡುವುದು. ಒಂದು ಡಬ್ಬಿ, ಒಂದು ನಳಿಗೆ: ಇದಕ್ಕಿಂತ ಅಗ್ಗದ ಪ್ರಾಣರಕ್ಷಕ ಸಾಧನವನ್ನು ನಾವು ಕಾಣೆವು. ಈಗಿನ ವಾಹನಗಳಲ್ಲಿ ಇದೇ ತತ್ತ್ವದ ಮುಚ್ಚಿದ ತಂಪುವ್ಯವಸ್ಥೆ ಕಾರ್ಖಾನೆಯಿಂದಲೇ ಬರುತ್ತದೆ.

ಕಾರಿನ ಉಕ್ಕು ಅಯಸ್ಕಾಂತದ ದಿಕ್ಸೂಚಿಯನ್ನು ದಾರಿತಪ್ಪಿಸುವುದರಿಂದ ಅವನು ಸೂರ್ಯದಿಕ್ಸೂಚಿಯನ್ನು ಅಳವಡಿಸಿದನು. ಅಂಶಗಳನ್ನು ಗುರುತಿಸಿದ ತಟ್ಟೆಯ ನಡುವೆ ನೆಟ್ಟಗೆ ನಿಲ್ಲಿಸಿದ ಸೂಜಿಯ ನೆರಳೇ ಅದರ ಮುಳ್ಳು. ಹೂತ ಚಕ್ರಗಳ ಮುಂದೆ ಹಾಸಲು ಸುಮಾರು ಐದಡಿ ಉದ್ದದ ಉಕ್ಕಿನ ಪಟ್ಟಿಗಳಿದ್ದವು.

1940ರಲ್ಲಿ ಅವನು ಕಟ್ಟಿದ, ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂದು ಹೆಸರಾದ ಸೈನ್ಯದಳಕ್ಕೂ ಈ ಸಜ್ಜೇ ಒದಗಿತು. ಷೆವ್ರೊಲೆ ಲಾರಿಗಳ ಬಾಗಿಲು, ಗಾಳಿತಡೆಯ ಗಾಜು ಮೊದಲಾದವನ್ನು ಕಳಚಿ ಭಾರವನ್ನು ಇಳಿಸಲಾಯಿತು. ನಡುವೆ, 1941ರಲ್ಲಿ, ನಾಲ್ಕು ಚಕ್ರಗಳಿಗೂ ಬಲವಿದ್ದ ಫೋರ್ಡ್ ಲಾರಿಗಳು ಬಂದವು. ಅವು ಭಾರವಾಗಿದ್ದವು, ಪೆಟ್ರೋಲನ್ನು ಹೆಚ್ಚು ಕುಡಿಯುತ್ತಿದ್ದವು. 1942ರಲ್ಲಿ ದಳವು ಮತ್ತೆ ಎರಡು ಚಕ್ರದ ಬಲದ ಷೆವ್ರೊಲೆಗಳಿಗೇ ಹಿಂದಿರುಗಿತು. ಇಂಧನವನ್ನೆಲ್ಲ ಬೆನ್ನ ಮೇಲೆ ಹೊತ್ತೇ ಸಾಗಬೇಕಾದಲ್ಲಿ ಹೆಚ್ಚಿನ ಬಲವೇ ಹೊರೆಯಾಗಬಲ್ಲುದು.

ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಒಂದೇ ದಿಣ್ಣೆಯಲ್ಲಿ ಕೆಲವೆಡೆ ಚಕ್ರ ಅನಾಯಾಸವಾಗಿ ಉರುಳುವುದು, ಕೆಲವೆಡೆ ಅಚ್ಚಿನವರೆಗೆ ಹೂಳುವುದು ಏತಕ್ಕೆ? ಗಾಳಿಗೆ ಎದುರಾದ ಮೈಮೇಲೆ ಮರಳಕಣಗಳು ಹಾರಿ ಬಂದು ಬಡಿದು ಒತ್ತಾಗಿ ಕೂರುತ್ತವೆ. ಮರೆಯ ಮೈಯಲ್ಲಾದರೋ, ಸುಮಾರು 34 ಅಂಶಗಳ ಇಳಿಜಾರಿನಲ್ಲಿ, ಅವು ಜಾರಿ ಬಿದ್ದು ಸಡಿಲವಾಗಿ ನಿಲ್ಲುತ್ತವೆ. ಚಾಲಕನಿಗೆ ತೊಡಕಾಗಿದ್ದುದು ಹೀಗೆ ಭೌತಶಾಸ್ತ್ರದ ಸಮಸ್ಯೆಯಾಯಿತು. 1935ರಲ್ಲಿ ಸೈನ್ಯದಿಂದ ನಿವೃತ್ತನಾದ ಮೇಲೆ ಬ್ಯಾಗ್ನಾಲ್ಡನು ಲಂಡನ್ನಿನಲ್ಲಿ ಗಾಳಿಸುರಂಗವನ್ನು ಕಟ್ಟಿ ಪ್ರಯೋಗಗಳನ್ನು ನಡೆಸಿದನು. 1938ರಲ್ಲಿ ಮರುಭೂಮಿಗೆ ಹೋಗಿ ಅವುಗಳನ್ನು ತಾಳೆನೋಡಿದನು. ಗಾಳಿಮರಳಿನ ಭೌತಶಾಸ್ತ್ರವನ್ನು ಕುರಿತ ಅವನ ಗ್ರಂಥ 1941ರಲ್ಲಿ ಪ್ರಕಟವಾಯಿತು.

ಈ ಪಾಠಗಳನ್ನು ನಮ್ಮ ನೆಲಕ್ಕೆ ಹಾಗೆಯೇ ಒಯ್ಯುವುದು ತರವಲ್ಲ. ಬಯಲುಸೀಮೆಯ ಎರೆಮಣ್ಣು ನೀರು ಕುಡಿದು ಉಬ್ಬುವ ಜೇಡಿ. ಅದು ಟೈರಿನ ಗೀರುಗಳನ್ನು ತುಂಬಿ ಅದನ್ನು ನುಣ್ಣನೆಯ ಉರುಳೆಯಾಗಿಸುತ್ತದೆ. ಅಲ್ಲಿ ಗಾಳಿಯಿಳಿಸಿದರೂ ಹಿಡಿತ ಅಷ್ಟಾಗಿ ಹೆಚ್ಚದು, ನಾಲ್ಕು ಚಕ್ರಗಳ ಬಲವೂ ನಾಲ್ಕು ಚಕ್ರಗಳನ್ನು ಒಟ್ಟಿಗೆ ಜಾರಿಸುವುದಕ್ಕೆ ಒದಗೀತು. ಮಳೆ ಬಿದ್ದ ದಿನ ವಾಹನವನ್ನು ಗಟ್ಟಿನೆಲದ ಅಂಚಿನಲ್ಲಿ ನಿಲ್ಲಿಸಿ, ಮಾದರಿಚೀಲಗಳನ್ನು ಹೆಗಲಿಗೇರಿಸಿ ನಡೆಯುವುದೇ ಲೇಸು. ಹೊಲದ ಬದುಗಳೂ ಉಳಿಯುತ್ತವೆ, ರೈತನ ಮುನಿಸೂ ತಪ್ಪುತ್ತದೆ.