ಏಟು ತಿಂದವರ ಕೈಗೇ ಆ ಮೈಕು!

ಬೆಳಗಾವಿ ಜಿಲ್ಲೆಯ ಘೋಡಗೇರಿ ಸುತ್ತಿನ ಜಾತ್ರೆಗಳಲ್ಲಿ ಜಂಗೀ ನಿಕಾಲಿ ಕುಸ್ತಿ, ಅಂದರೆ ಸೋಲು-ಗೆಲುವು ತೀರ್ಮಾನವಾಗುವ ಕುಸ್ತಿ, ನೋಡಿದ್ದೀರಾ? ಹಲಗಿ ಬಡಿತ ಏರುತ್ತದೆ, ಕೆಂಪು ಮಣ್ಣು ಹಾರುತ್ತದೆ. ಎದುರಾಳಿಯ ಕಾಲಿಗೆ ಕೈ ಬೀಳುವ ಮೊದಲೇ ಮೈಕ್ ಹಿಡಿದವನ ದನಿ ಮೇಲೇರಿರುತ್ತದೆ: ‘ಹಿಡದಾ, ಹಿಡದಾ!’ ಅಂವಗ ಮೊದಲ ಹೆಂಗ ಗೊತ್ತಾತು? ಗೊತ್ತಾಗದೇ ಏನು, ಅಂವನೂ ಹಳೇ ಪೈಲ್ವಾನ!

ಇದೇ ಗುಟ್ಟು ಜಗತ್ತಿನ ಟಿವಿಯಲ್ಲೂ ಕೆಲಸ ಮಾಡಿದೆ ಎಂದರೆ ನಂಬುತ್ತೀರಾ?

2001ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ ‘ಫಿಯರ್ ಫ್ಯಾಕ್ಟರ್’ ಶುರು ಮಾಡಿತು. ಹುಳ ತಿನ್ನಬೇಕು, ಎತ್ತರದಿಂದ ಜಿಗಿಯಬೇಕು, ಹೆದರಿದವನು ಮನೆಗೆ! ನಿರೂಪಕ ಜೋ ರೋಗನ್. ಆತ 19ರ ಹರೆಯದಲ್ಲೇ ಯುಎಸ್ ಓಪನ್ ಟೇಕ್ವಾಂಡೋ ಗೆದ್ದವನು. ತಲೆಗೆ ಬಿದ್ದ ಏಟುಗಳಿಂದ ಪದೇ ಪದೇ ತಲೆನೋವು ಕಾಡಿತು, 21ಕ್ಕೆ ಸ್ಪರ್ಧೆ ಬಿಟ್ಟ. ಮುಂದೆ? 1988ರಲ್ಲಿ ಬಾಸ್ಟನ್ನಿನಲ್ಲಿ ಸ್ಟ್ಯಾಂಡ್‌ಅಪ್ ಹಾಸ್ಯ, 1997ರಲ್ಲಿ ಯುಎಫ್‌ಸಿ ಎಂಬ ಮಿಶ್ರ ಸಮರಕಲೆ ಕಾದಾಟಗಳ ತೆರೆಮರೆಯ ಸಂದರ್ಶನ, 2002ರಿಂದ ಅದರದ್ದೇ ವೀಕ್ಷಕ ವಿವರಣೆ. ಮೊದಮೊದಲು ಸಂಬಳವಿಲ್ಲ, ಸ್ನೇಹಿತರಿಗೆ ಪಾಸ್ ಸಿಕ್ಕರೆ ಸಾಕೆಂದು ಮೈಕ್ ಹಿಡಿದನಂತೆ! ಆಟ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಯುಎಫ್‌ಸಿ ಚಾಂಪಿಯನ್ ಜಾರ್ಜ್ ಸೇಂಟ್ ಪಿಯರ್‌ನಂಥವನಿಗೇ ಒದೆತದ ಪಾಠ ಹೇಳಿಕೊಟ್ಟವನು ಈ ಆ್ಯಂಕರ್. ಕಾಲಿನ ವಿದ್ಯೆ ಮರೆತಿರಲೇ ಇಲ್ಲ!

ನಿಲ್ಲಿ, ಬೆರಗು ಇನ್ನೂ ಮುಗಿದಿಲ್ಲ. ಅದೇ ಷೋ 2008ರಲ್ಲಿ ಕಲರ್ಸ್ ಚಾನೆಲ್ಲಿಗೆ ‘ಖತ್ರೋಂ ಕೆ ಖಿಲಾಡಿ’ಯಾಗಿ ಬಂದಾಗ ಮೈಕ್ ಸಿಕ್ಕಿದ್ದು ಯಾರಿಗೆ? ಅಕ್ಷಯ್ ಕುಮಾರ್‌ಗೆ! ಬ್ಯಾಂಕಾಕಿನಲ್ಲಿ ಹೋಟೆಲ್ ಕೆಲಸ ಮಾಡುತ್ತ ಮುವಾಯ್ ಥಾಯ್ ಕಲಿತು, ಮುಂಬೈಗೆ ಮರಳಿ ಹುಡುಗರಿಗೆ ಸಮರಕಲೆ ಹೇಳಿಕೊಡುತ್ತಿದ್ದ ಅದೇ ಅಕ್ಷಯ್‌ಗೆ.

ಈಗ ಕೇಳಿ ನಮ್ಮ ಕನ್ನಡನಾಡಿನ ನಂಟು. 2014ರಲ್ಲಿ ಮೈಕ್ ರೋಹಿತ್ ಶೆಟ್ಟಿ ಕೈಗೆ ಬಂತು. ಈತ ಕರಾವಳಿಯ ಮಗ! ಅಪ್ಪ ಎಂ.ಬಿ. ಶೆಟ್ಟಿ ತುಳುನಾಡಿನಿಂದ ಮುಂಬೈಗೆ ಹೋಗಿ, ಬಾಕ್ಸಿಂಗ್ ಕಣದಲ್ಲಿ ಪಳಗಿ, ಹಿಂದಿ ಚಿತ್ರರಂಗದ ಫೈಟ್ ಮಾಸ್ಟರ್ ಆದವರು. ‘ಡಾನ್’, ‘ದಿ ಗ್ರೇಟ್ ಗ್ಯಾಂಬ್ಲರ್’ ಚಿತ್ರಗಳ ಆ ಬೋಳುತಲೆಯ ಖಳ ನೆನಪಾಯಿತೇ? ಅವರೇ! 1982ರಲ್ಲಿ ಅಪ್ಪ ತೀರಿಕೊಂಡಾಗ ರೋಹಿತ್ ಇನ್ನೂ ಚಿಕ್ಕ ಹುಡುಗ. ಹದಿಹರೆಯದಲ್ಲೇ ‘ಫೂಲ್ ಔರ್ ಕಾಂಟೆ’ಗೆ ಸಹಾಯಕ ನಿರ್ದೇಶಕ. ಇನ್ನೂ ಅಚ್ಚರಿ ಬೇಕೇ? ‘ಸುಹಾಗ್’ ಚಿತ್ರದಲ್ಲಿ ಅಕ್ಷಯ್‌ಗೇ ಬಾಡಿ ಡಬಲ್! ಯಾರ ಬದಲಿಗೆ ಅಪಾಯಕ್ಕೆ ಮೈಯೊಡ್ಡಿದ್ದನೋ, ಅವರು ನಿಂತಿದ್ದ ಜಾಗದಲ್ಲೇ ಇಪ್ಪತ್ತು ವರ್ಷಗಳ ನಂತರ ನಿರೂಪಕ!

ನಡುವೆ ಪ್ರಿಯಾಂಕಾ ಚೋಪ್ರಾ, ಅರ್ಜುನ್ ಕಪೂರ್ ಒಂದೊಂದು ಸೀಸನ್ ನಡೆಸಿಕೊಟ್ಟರು. ಆದರೂ ಮೈಕ್ ಸುತ್ತಿ ಬಳಸಿ ಮತ್ತೆ ಏಟಿನ ಪರಿಚಯ ಇದ್ದವರ ಕೈಗೇ ಬಂತು. ಯಾಕೆಂದು ಯೋಚಿಸಿದರೆ ಸಂಗತಿ ಸರಳ. ಹಗ್ಗದ ಮೇಲೆ ಕಾಲು ನಡುಗುತ್ತಿರುವವನಿಗೆ ‘ಆಗತೈತಿ, ಹೋಗು’ ಎನ್ನಲು ಯಾರಿಗಾದರೂ ಬರುತ್ತದೆ. ಆ ಮಾತು ಅವನ ಎದೆಗೆ ನಾಟಬೇಕಾದರೆ ಹೇಳುವವನೂ ಒಮ್ಮೆ ಬಿದ್ದು ಎದ್ದಿರಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಬಿದ್ದು ಎದ್ದವರಿಗೂ ಬರವಿಲ್ಲ, ಮಾತಿಗೂ ಬರವಿಲ್ಲ. ಕನ್ನಡ ಚಾನೆಲ್ಲಿನವರೇ, ಮುಂದಿನ ಸಾಹಸ ಷೋಗೆ ಆ್ಯಂಕರ್ ಬೇಕಾದರೆ ಬೆಂಗಳೂರಿನಲ್ಲಿ ಆಡಿಷನ್ ಆಮೇಲೆ ಇಡಿ. ಮೊದಲು ಈ ಕಡೆ ಒಂದು ಜಾತ್ರೆಗೆ ಬನ್ನಿ!