ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕೇ?

ಪ್ರಶ್ನೆ: ಹಳೆಯ ಪಿಕಪ್‌ನ ಕ್ಲಚ್ ಪೆಡಲ್ ಒತ್ತಿದರೆ ಮೆಲ್ಲಗೆ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಕೆಟ್ಟಿರುವುದು ಮಾಸ್ಟರ್ ಸಿಲಿಂಡರ್ ಮಾತ್ರ. ಮೆಕ್ಯಾನಿಕ್ ಸ್ಲೇವ್ ಸಿಲಿಂಡರನ್ನೂ ಬದಲಿಸಿ ಎನ್ನುವುದೇಕೆ?

ಉತ್ತರ: ಆ ಮಾತಿನಲ್ಲಿ ಹುರುಳಿದೆ. ಪೆಡಲ್ ಹಿಂದಿನ ಮಾಸ್ಟರ್, ಗೇರ್‌ಬಾಕ್ಸ್ ಪಕ್ಕದ ಸ್ಲೇವ್, ಎರಡರಲ್ಲೂ ಇರುವುದು ಒಂದೇ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಎರಡರ ಒಳಮೈಯೂ ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲ್‌ಗಳು ಸವೆಯುತ್ತವೆ. ಹೊರಗೆ ಒಂದು ಹನಿಯೂ ಕಾಣದೆ ಪೆಡಲ್ ಕುಸಿಯುವುದು ಮಾಸ್ಟರ್‌ನ ಸೀಲ್ ದಾಟಿ ಆಯಿಲ್ ಹಿಂದಕ್ಕೆ ನುಸುಳುವುದರಿಂದ. ಹೊಸ ಮಾಸ್ಟರ್ ಹಾಕಿದೊಡನೆ ಪೂರ್ಣ ಒತ್ತಡ ಸ್ಲೇವ್‌ನ ಹಳೆಯ ಸೀಲ್ ಮೇಲೆ ಬೀಳುತ್ತದೆ. ಆಗ ಅದೂ ಸೋರತೊಡಗಿದರೆ ಅಚ್ಚರಿಯಿಲ್ಲ.

ರಬ್ಬರ್ ಕಿಟ್ ಹಾಕಿದರೆ ಸಾಲದೇ ಎನ್ನಬಹುದು. ಸಿಲಿಂಡರಿನ ಒಳಮೈ ಕನ್ನಡಿಯಂತಿದ್ದರೆ ಸಾಕು. ಬೆರಳಿಟ್ಟಾಗ ಗುಳಿ ತಗುಲಿದರೆ ಹೊಸ ಸೀಲ್ ಬೇಗನೆ ಹರಿಯುತ್ತದೆ. ಖರ್ಚಿನ ಆಕ್ಷೇಪವೂ ನ್ಯಾಯವೇ, ಆದರೆ ಬೇರೆ ಬೇರೆಯಾಗಿ ಬದಲಿಸಿದರೆ ಆಯಿಲ್‌ನೊಳಗಿನ ಏರ್ ತೆಗೆಯುವ ಕೂಲಿ ಎರಡು ಸಲ ತೆರಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ವಾದಕ್ಕೆ ಒಂದು ಅಪವಾದವುಂಟು: ಅಮೆರಿಕದ ಹಳೆಯ ಫೋರ್ಡ್ ರೇಂಜರ್‌ನಂಥ ಗಾಡಿಗಳಲ್ಲಿ ಸ್ಲೇವ್ ಇರುವುದು ಗೇರ್‌ಬಾಕ್ಸ್ ಮುಂದಿನ ಹೌಸಿಂಗ್ ಒಳಗೆ. ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆಟುಕದು. ಸೋರದಿದ್ದರೆ ಕ್ಲಚ್ ಪ್ಲೇಟ್ ಬದಲಿಸುವವರೆಗೆ ಕಾಯಬಹುದು. ನಿಮ್ಮ ಗಾಡಿಯಲ್ಲಿ ಸ್ಲೇವ್ ಹೊರಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಗಾಡಿಯಲ್ಲಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲನ್ನೇ ತುಂಬಿಸಿ. ಎಂಜಿನ್ ಆಯಿಲ್ ಬಿದ್ದರೆ ಹೊಸ ಸೀಲ್‌ಗಳೂ ಊದಿಕೊಂಡು ಹಾಳಾಗುತ್ತವೆ.