ಜಂತುಹುಳು ಮಾತ್ರೆ: ಪರೀಕ್ಷೆ ಏನು ಹೇಳುತ್ತದೆ?



ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುಹುಳು ಮಾತ್ರೆ ಕೊಡುವುದು ನಿಮಗೆಲ್ಲ ಗೊತ್ತು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಎಂದು ಇದು ನಡೆಯುತ್ತಿದೆ. "ಹೋದ ಸಲವೂ ಕೊಟ್ಟಿದ್ರು, ಮತ್ತೆ ಯಾಕೆ? ಮಾತ್ರೇಲಿ ಶಕ್ತಿ ಇಲ್ವಾ?" ಎಂದು ತಾಯಂದಿರು ಕೇಳುವುದುಂಟು. ಕೇಳಲೇಬೇಕಾದ ಪ್ರಶ್ನೆ.

ಮಾತ್ರೆಯ ಶಕ್ತಿಯನ್ನು ಪರೀಕ್ಷಿಸುವುದು ಹೀಗೆ. ಹುಳು ಇರುವವರ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹುಳುವಿನ ಮೊಟ್ಟೆ ಎಣಿಸುತ್ತಾರೆ. ಕೆಲವರಿಗೆ ಔಷಧಿ, ಇನ್ನು ಕೆಲವರಿಗೆ ಔಷಧಿ ಇಲ್ಲದ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಮೊಟ್ಟೆ ಎಣಿಸಿದರೆ ನಿಜ ಗೊತ್ತಾಗುತ್ತದೆ.

ಇಂಥ ಅನೇಕ ಪರೀಕ್ಷೆಗಳನ್ನು 2008ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಆಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದೇ ಮಾತ್ರೆಯಿಂದ ದುಂಡುಹುಳು ಇದ್ದ 100 ಜನರಲ್ಲಿ ಸುಮಾರು 88 ಜನರಿಗೆ ವಾಸಿಯಾಗಿತ್ತು. ಕೊಕ್ಕೆಹುಳು ಇದ್ದವರಲ್ಲಿ 72, ಚಾಟಿಹುಳು ಇದ್ದವರಲ್ಲಿ 28 ಜನರಿಗೆ ಮಾತ್ರ. ಅಂದರೆ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಒಂದೇ ಸಲಕ್ಕೆ ಎಲ್ಲರಿಗೂ ಅಲ್ಲ.

ಇನ್ನೊಂದು ವಿಷಯ. ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿರುವುದನ್ನಲ್ಲ. ಕೊಕ್ಕೆಹುಳುವಿಗೆ ನೆರಳು, ತೇವ ಬೇಕು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನೀರು ಹಾಯಿಸಿದ ತೆಂಗಿನ ತೋಟದಲ್ಲಿ ಎರಡೂ ಉಂಟು. ತೋಟದಲ್ಲಿ ಬಯಲಿಗೆ ಹೋದರೆ ಮಲದಲ್ಲಿನ ಮೊಟ್ಟೆ ಮಣ್ಣಿಗೆ ಸೇರಿ ಮರಿಯಾಗುತ್ತದೆ. ಗರಿ ಆಯಲು, ಕಳೆ ಕೀಳಲು ಬರಿಗಾಲಲ್ಲಿ ಹೋದವರ ಪಾದದ ಚರ್ಮ ತೂರಿ ಒಳಗೆ ಬರುತ್ತದೆ. ಕೊನೆಗೆ ಕರುಳು ಕಚ್ಚಿಕೊಂಡು ರಕ್ತ ಹೀರುತ್ತದೆ. ಸುಸ್ತು, ಏದುಸಿರು, ಬಿಳಿಚಿದ ಮುಖವನ್ನು "ಕೆಲಸದ ಆಯಾಸ" ಅಂತ ತಳ್ಳಿಹಾಕಬೇಡಿ. ರಕ್ತಹೀನತೆ ಇರಬಹುದು.

ಶಾಲೆ, ಅಂಗನವಾಡಿಯ ಮಾತ್ರೆ 1ರಿಂದ 19 ವರ್ಷದವರಿಗೆ. ಅದೇ ಮಣ್ಣು ತುಳಿಯುವ ತಾಯಿ, ಅತ್ತೆ? ಊರಿನ ದೊಡ್ಡವರಿಗೂ ಮಾತ್ರೆ ಕೊಟ್ಟ ಕಡೆ ಮಕ್ಕಳಲ್ಲೂ ಕೊಕ್ಕೆಹುಳು ಹೆಚ್ಚು ಕಡಿಮೆಯಾಗಿದ್ದು 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಕಂಡುಬಂತು. ಇದೇ ಪ್ರಶ್ನೆಯನ್ನು ಪಕ್ಕದ ತಮಿಳುನಾಡಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರೂ ಪರೀಕ್ಷೆಗೆ ಒಡ್ಡಿದರು. ತಿಮಿರಿ ಮತ್ತು ಜವ್ವಾದು ಬೆಟ್ಟದ ಊರುಗಳನ್ನು 40 ಭಾಗ ಮಾಡಿ, 20ರಲ್ಲಿ ಮಕ್ಕಳಿಗೆ ಮಾತ್ರ, 20ರಲ್ಲಿ ದೊಡ್ಡವರಿಗೂ ಮಾತ್ರೆ ಕೊಟ್ಟು ಹೋಲಿಸಿದರು.

ಆದ್ದರಿಂದ ನಾವು ಮಾಡಬೇಕಾದದ್ದು:

* ಮಾತ್ರೆ ಕೊಡುವ ದಿನ ಮಕ್ಕಳನ್ನು ತಪ್ಪದೆ ಕಳಿಸಿ. 1ರಿಂದ 2 ವರ್ಷದ ಮಗುವಿಗೆ ಅರ್ಧ ಮಾತ್ರೆ, ಪುಡಿ ಮಾಡಿ. ದೊಡ್ಡ ಮಕ್ಕಳು ಒಂದು ಮಾತ್ರೆ ಚೀಪಿ ಅಗಿದು ನುಂಗಲಿ.
* ಮಗುವಿಗೆ ಅಂದು ಜ್ವರವಿದ್ದರೆ ಬೇಡ. ಗುಣವಾದ ಮೇಲೆ ಆಶಾ ಕಾರ್ಯಕರ್ತೆಯನ್ನು ಕೇಳಿ.
* ನಿಮಗೆ ಸುಸ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಜಂತುಹುಳು ವಿಷಯವನ್ನೂ ಕೇಳಿ. ರಕ್ತ ಕಡಿಮೆ ಇದ್ದರೆ ಕಬ್ಬಿಣಾಂಶದ ಮಾತ್ರೆಯೂ ಬೇಕು.
* ಗರ್ಭಿಣಿಯರು ಮೊದಲ ಮೂರು ತಿಂಗಳು ಈ ಮಾತ್ರೆ ನುಂಗಬಾರದು. ನಂತರವೂ ವೈದ್ಯರು ಹೇಳಿದರೆ ಮಾತ್ರ.
* ತೋಟಕ್ಕೆ ಚಪ್ಪಲಿ, ಮನೆಗೆ ಶೌಚಾಲಯ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯುವುದು. ಇವಿಲ್ಲದೆ ಮಾತ್ರೆಯೊಂದೇ ಸಾಲದು.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಓದಿ ಹೇಳಿ. ಯಾರ ಮನೆಯಲ್ಲಿ ಶೌಚಾಲಯವಿಲ್ಲ, ಯಾರ ಮಗುವಿಗೆ ಮಾತ್ರೆ ತಪ್ಪಿದೆ ಎಂದು ನಡವಳಿ ಪುಸ್ತಕದಲ್ಲಿ ಬರೆದಿಡಿ. ಒಬ್ಬರ ಮನೆ ಬಿಟ್ಟುಹೋದರೂ ಹುಳು ಎಲ್ಲರ ತೋಟದಲ್ಲೂ ಉಳಿಯುತ್ತದೆ.